ಟನ್ನಿಗೆ ಹದಿನೈದು ರೂಪಾಯಿ ಪುಣ್ಯ

2025ರ ಸೆಪ್ಟೆಂಬರಿನಲ್ಲಿ ಮರಾಠವಾಡ, ಸೋಲಾಪುರದ ಕಡೆ ಮಳೆ ಹೊಡೆದ ಹೊಡೆತಕ್ಕೆ ಹೊಲಗಳೆಲ್ಲ ಹೊಳೆಯಾದವು. ಕಬ್ಬು ನೀರಲ್ಲಿ ಮಲಗಿತು. ತಿಂಗಳ ಕೊನೆಗೆ ಮುಂಬೈಯಲ್ಲಿ ಮಂತ್ರಿಗಳ ಸಮಿತಿ ಸೇರಿ, ನವೆಂಬರ್ 1ರಿಂದ ಕಬ್ಬು ನುರಿಸಿ ಎಂದಿತು. ಜೊತೆಗೆ ಒಂದು ಪುಣ್ಯದ ಕೆಲಸವನ್ನೂ ಹಚ್ಚಿತು. ಟನ್ನಿಗೆ 10 ರೂಪಾಯಿ ಮುಖ್ಯಮಂತ್ರಿ ಪರಿಹಾರ ನಿಧಿಗೆ, 5 ರೂಪಾಯಿ ನೆರೆಯಲ್ಲಿ ನೊಂದ ರೈತರಿಗೆ. ಕೊಡುವವರು ಕಾರ್ಖಾನೆಯವರು.

ಇದು ನಮ್ಮ ಬಿಲ್ಲಿಗೇ ಕತ್ತರಿ ಎಂದು ರೈತ ಮುಖಂಡರು ಸಿಡಿದೆದ್ದರು. ಮುಖ್ಯಮಂತ್ರಿ ಫಡಣವೀಸ್ ಸಮಾಧಾನ ಹೇಳಿದರು: ರೈತರ ದುಡ್ಡಲ್ಲ, ಕಾರ್ಖಾನೆಗಳ ಲಾಭದಿಂದ ತೆಗೆದುಕೊಳ್ಳುತ್ತೇವೆ.

ಇಲ್ಲಿ ಪುಣೆಯ ಶಿವಾಜಿನಗರದ ಸಾಖರ್ ಸಂಕುಲದ ಹತ್ತಿರ ಚಹಾ ಕುಡಿಯುತ್ತ ಈ ಸುದ್ದಿ ಹೇಳಿದೆ. ಸಕ್ಕರೆ ಆಯುಕ್ತರ ಕಚೇರಿ ಇರುವುದು ಅದೇ ಕಟ್ಟಡದಲ್ಲಿ. ಜೊತೆಗಿದ್ದ, ಬೆಳಗಾವಿ ಜಿಲ್ಲೆಯ ಕಾಗವಾಡ ಕಡೆಯ ಗೆಳೆಯ ಗ್ಲಾಸ್ ಕೆಳಗಿಟ್ಟ. ಪಿಂಪ್ರಿಯಲ್ಲಿ ನೌಕರಿ, ಊರಲ್ಲಿ ಎರಡೆಕರೆ ಕಬ್ಬು.

'ಅಲ್ರಿ ಅಣ್ಣಾರ, ಲಾಭ ಯಾವಾಗ ಬಂತ್ರಿ? ಮೊನ್ನಿ ನಾವು ದರ ಕೇಳಿದಾಗ ಇರಲಿಲ್ಲಲ್ಲ!'

ಅವನ ಕಬ್ಬು ಹೋಗುವುದು ಗಡಿ ದಾಟಿ ಕೊಲ್ಲಾಪುರ ಜಿಲ್ಲೆಗೆ. ಗಡಿ ಕೇಸು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೂತಿದೆ. ಕಬ್ಬು ಮಾತ್ರ ಟ್ರ್ಯಾಕ್ಟರ್ ಹತ್ತಿ ಹೋಗಿ ಮಹಾರಾಷ್ಟ್ರದ ನಿಧಿಗೆ ಪುಣ್ಯ ಕಟ್ಟಿಕೊಳ್ಳುತ್ತದೆ. ಮೊಬೈಲಿನಲ್ಲಿ ಬಿಲ್ಲಿನ ಫೋಟೋ ತೋರಿಸಿದ. ಮೇಲೆ ತೂಕ. ಕೆಳಗೆ ಕಟಾವು, ಸಾಗಾಣಿಕೆ, ಸೊಸೈಟಿ ಸಾಲ, ಷೇರು. ಉಳಿದದ್ದು ಬಲಗಡೆ ಮೂಲೆಯಲ್ಲಿ, ನಾಚಿಕೊಂಡ ಹಾಗೆ ಸಣ್ಣಕ್ಷರದಲ್ಲಿ. ಕಟಾವು ಗ್ಯಾಂಗಿಗೆ ಕೊಟ್ಟ ಖುಷಾಲಿ ಎಂಬ ಮೇಲುದುಡ್ಡು, ಡ್ರೈವರ್ ಎಂಟ್ರಿ ಎಂದು ಕೇಳುವ ದುಡ್ಡು ಆ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಅವು ಅಂಗಿ ಜೇಬಿನ ಬಾಬ್ತು.

2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ. ಅದೂ ಸಕ್ಕರೆ ಇಳುವರಿ ನೂರು ಕಿಲೋ ಕಬ್ಬಿಗೆ 10.25 ಕಿಲೋ ಇದ್ದರೆ. 2009ರಲ್ಲಿ ಈ ಇಳುವರಿ ಗೆರೆ 9.5 ಇತ್ತು. ಆಮೇಲೆ 10, ಆಮೇಲೆ 10.25. ಹುಡುಗ ಪಾಸಾಗುತ್ತಾನೆ ಅನ್ನುವಾಗ ಮಾಸ್ತರು ಪಾಸ್ ಮಾರ್ಕನ್ನೇ ಏರಿಸಿದ ಹಾಗೆ. ದರ ಏರಿದೆ ಅನ್ನುವುದು ಸುಳ್ಳಲ್ಲ, ಅದೂ ಏರಿದೆ.

ಕಾನೂನು ಚೆನ್ನಾಗೇ ಇದೆ. 14 ದಿನದಲ್ಲಿ ದುಡ್ಡು, ತಡವಾದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ಎರಡು ಕಂತು ಮಾಡಿತು. ರೈತರು ಕೋರ್ಟಿಗೆ ಹೋದರು. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೂರು ವರ್ಷ! ಕೊಡುವುದಕ್ಕೆ ಕಂತು ಬೇಕು, ಮುರಿದುಕೊಳ್ಳುವುದಕ್ಕೆ ಒಂದೇ ಏಟು ಸಾಕು, ಅಲ್ವಾ?

ಕಬ್ಬು ಕಡಿಯುವವರ ಹೆಸರಲ್ಲೂ ಟನ್ನಿಗೆ 10 ರೂಪಾಯಿ ಇದೆ, ಗೋಪಿನಾಥ ಮುಂಡೆ ಹೆಸರಿನ ಕಲ್ಯಾಣ ಮಂಡಳಿಗೆ. ಬೀಡ್ ಜಿಲ್ಲೆಯಿಂದ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಲೆಕ್ಕದಲ್ಲಿ ಇಬ್ಬರೂ ಸೇರಿ ಒಂದು 'ಕೊಯಿತಾ', ಅಂದರೆ ಒಂದು ಮಚ್ಚು. ಆಳುಗಳನ್ನು ಕರೆತರುವ ಮುಕಾದಮ ಮುಂಗಡ ಕೊಟ್ಟಿರುತ್ತಾನೆ. ಒಂದು ದಿನ ರಜೆ ಹಾಕಿದರೆ ದಂಡ. ಮುಟ್ಟಿನ ದಿನವೂ ರಜೆ ಸಿಗದೆ ಗರ್ಭಕೋಶವನ್ನೇ ತೆಗೆಸಿಕೊಂಡ ಹೆಂಗಸರ ವಿಷಯ 2019ರಲ್ಲಿ ದೊಡ್ಡ ಸುದ್ದಿಯಾಯಿತು. ಸಮಿತಿ ಆಯಿತು, ವರದಿ ಆಯಿತು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ, ಮುಂದೆ ಹೋಗೋಣ.

ಟನ್ನು ಇಷ್ಟೊಂದು ಭಾರ ಹೊರುತ್ತದೆ ಎಂದಮೇಲೆ ಸುಮ್ನೆ 15ಕ್ಕೆ ನಿಲ್ಲಿಸುವುದೇಕೆ? ಐಟಿ ಕಂಪನಿಗಳ ಹಿಂಜವಡಿಯ ಟ್ರಾಫಿಕ್ ಬಿಡಿಸಲು ಟನ್ನಿಗೆ 3 ರೂಪಾಯಿ, ಪುಣೆಯ ರಸ್ತೆ ಗುಂಡಿಗೆ 4 ಹಾಕಬಹುದು. ಕಾರ್ಖಾನೆ ಅಧ್ಯಕ್ಷರ ಹುಟ್ಟುಹಬ್ಬದ ಫ್ಲೆಕ್ಸಿಗೆ ಬೇರೆ ಬೇಡ, ಅದು ಆಗಲೇ ಎಲ್ಲೋ ಸೇರಿರುತ್ತದೆ. ಅತ್ತೆ ಒಡವೆ, ಅಳಿಯನ ದಾನ.

ಗೆಳೆಯನಿಗೆ ಒಂದೇ ಅನುಮಾನ ಉಳಿದಿತ್ತು. ನೆರೆಗೆ ಕಬ್ಬು ಪೂರ್ತಿ ಹೋದವನ ಗತಿ ಏನು?

'ಅವನಿಗೆ ಸರ್ಕಾರ ದೊಡ್ಡ ರಿಯಾಯ್ತಿ ಕೊಟ್ಟಿದೆಯಪ್ಪಾ' ಎಂದೆ. 'ಕಾರ್ಖಾನೆಯ ತೂಕದ ಕಾಟಾಕ್ಕೆ ಕಬ್ಬೇ ಬರೋದಿಲ್ಲ. ಹದಿನೈದೂ ಮಾಫಿ.'