ಪ್ರೇರಣೆ ಅಂದ್ರೆ ಇದು, ಸ್ವಾಮಿ

ಲಂಡನ್ನಿನಲ್ಲಿ ಚಿತ್ರಕಾರ ಲೇಟನ್ ಇದ್ದ ಮನೆ ಲೇಟನ್ ಹೌಸ್. ಅದರ ಅರಬ್ ಹಾಲ್ ಬಗ್ಗೆ ಯಾರೇ ಬರೆಯಲಿ, 'ಪೂರ್ವದೇಶಗಳಿಂದ ಪ್ರೇರಿತ' ಅನ್ನೋ ಮಾತು ಇದ್ದೇ ಇರುತ್ತೆ. ಈ ಪ್ರೇರಿತ ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ದೇವಸ್ಥಾನದ ಹೊರಗಿಂದ ಚಪ್ಪಲಿ ಎತ್ತಿಕೊಂಡು ಹೋದವನನ್ನು ನಾವು 'ಚಪ್ಪಲಿಯಿಂದ ಪ್ರೇರಿತ' ಅಂತೀವಾ?

ಹಾಲ್ ಚೆನ್ನಾಗಿಲ್ಲ ಅಂತಲ್ಲ. ನಡುವೆ ಪುಟ್ಟ ಕಾರಂಜಿ, ಮೇಲೆ ಚಿನ್ನದ ಮೊಸಾಯಿಕ್ ಪಟ್ಟಿ, ಗೋಡೆ ತುಂಬ ಸಿರಿಯಾದ ಡಮಾಸ್ಕಸ್ಸಿನ ನೀಲಿ ಟೈಲ್ಸ್. ಕೆಲವು ಟೈಲ್ಸಿನ ಮೇಲೆ ಹಕ್ಕಿಗಳಿವೆ. ಹತ್ತಿರದಿಂದ ನೋಡಿದರೆ ಅವುಗಳ ಕತ್ತಿಗೆ ಅಡ್ಡ ಗೀರು ಕಾಣುತ್ತೆ. ಜೀವಿಗಳ ಚಿತ್ರ ಒಪ್ಪದ ಯಾರೋ ಪುಣ್ಯಾತ್ಮ ಕತ್ತು ಕೊಯ್ದು 'ಸಾಯಿಸಿ' ಇಟ್ಟಿದ್ದು.

ಲೇಟನ್‌ಗೆ ಟೈಲ್ಸ್ ಹುಡುಕಿಕೊಟ್ಟವರಲ್ಲಿ ರಿಚರ್ಡ್ ಬರ್ಟನ್ ಒಬ್ಬ, ಆಗ ಡಮಾಸ್ಕಸ್ಸಿನಲ್ಲಿ ಬ್ರಿಟಿಷ್ ಕಾನ್ಸಲ್, ಅಂದ್ರೆ ಸರ್ಕಾರದ ಪ್ರತಿನಿಧಿ. 1871ರಲ್ಲಿ ಅವನು ಬರೆದ ಪತ್ರದ ಸಾರ ಇಷ್ಟು: ನಿನಗೋಸ್ಕರ ಒಂದು ಮನೆ ಕೆಡವಿಸೋಕೆ ನಾನು ಈಗಲೂ ರೆಡಿ, ಆದರೆ ಟೈಲ್ಸ್ ಇರೋ ಮನೆ ಸಿಗೋದೇ ಕಷ್ಟ. ಪಾಪ! ಸ್ನೇಹ ಅಂದ್ರೆ ಹೀಗಿರಬೇಕು, ಊರಿನವರ ಮನೆ ಹೋದರೂ ಸ್ನೇಹಿತನ ಗೋಡೆ ಬೋಳಾಗಿರಬಾರದು.

ಆ ಕಾಲದ ಸಾಹೇಬರಿಗೆ ಸುರುಟು ಸೇದೋಕೂ ಬೇರೆ ದೇಶ ಬೇಕಿತ್ತು. ಕುಚ್ಚಿನ ಟೋಪಿ ಬೇರೆ, ಕೋಟು ಬೇರೆ, ರೂಮೇ ಬೇರೆ. ಹ್ಯಾಂಪ್‌ಶೈರಿನ ರೈನ್‌ಫೀಲ್ಡ್ ಹೌಸಿನಲ್ಲಿ ಹೆಂಡತಿ ಗಂಡನಿಗೆ ಉಡುಗೊರೆ ಅಂತ ಸ್ಪೇನಿನಲ್ಲಿ ಹಿಂದೆ ಮುಸ್ಲಿಂ ಅರಸರು ಕಟ್ಟಿಸಿದ ಅಲಹಂಬ್ರಾ ಅರಮನೆಯ ಮಾದರಿಯಲ್ಲಿ ಸ್ಮೋಕಿಂಗ್ ರೂಮನ್ನೇ ಮಾಡಿಸಿಕೊಟ್ಟಳು. ನಮ್ಮ ಮನೆಗಳಲ್ಲಿ ಬೀಡಿ ಹಚ್ಚಿದವನಿಗೆ ಸಿಗೋ ಉಡುಗೊರೆ ಹಿತ್ತಲು. ಈಗ ಆ ಮನೆ ಹೋಟೆಲ್. 2007ರ ಕಾನೂನಿನ ಪ್ರಕಾರ ಒಳಗೆ ಸೇದೋ ಹಾಗಿಲ್ಲ.

ಇನ್ನು ಬ್ರಿಟಿಷ್ ರಾಜಕಾರಣಿ ಮಾರ್ಕ್ ಸೈಕ್ಸ್. ಯಾರ್ಕ್‌ಶೈರಿನ ತನ್ನ ಸ್ಲೆಡ್ಮಿಯರ್ ಮನೆಯಲ್ಲಿ ಇಸ್ತಾಂಬುಲ್ ಸುಲ್ತಾನರ ಕೋಣೆಯ ತದ್ರೂಪು ಮಾಡಿಸಿದ. ಟೈಲ್ಸ್ ಮಾಡಿದ್ದು ಅರ್ಮೇನಿಯನ್ ಕುಶಲಕರ್ಮಿ ಡೇವಿಡ್ ಒಹಾನೆಸಿಯನ್. ಅದೇ ಸೈಕ್ಸ್ 1916ರಲ್ಲಿ ಫ್ರಾನ್ಸಿನ ರಾಜತಾಂತ್ರಿಕ ಪಿಕೋ ಜೊತೆ ಕೂತು ಆ ಸುಲ್ತಾನರ ಒಟ್ಟೋಮನ್ ನಾಡಿಗೆ ಗೆರೆ ಎಳೆದು ಪಾಲು ಮಾಡಿದ. ಕೋಣೆಯಲ್ಲಿ ಒಂದು ಟೈಲ್ಸೂ ಅತ್ತಿತ್ತ ಆಗಬಾರದು, ದೇಶ ಹೇಗಾದರೂ ಆಗಲಿ ಅಲ್ವಾ?

ನಗು ಸಾಕು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಡೇರೆ, ಹೂವಿನ ಚಿತ್ತಾರದ ಹತ್ತಿಬಟ್ಟೆಯದು, ವೇಲ್ಸಿನ ಪೋವಿಸ್ ಕೋಟೆ ಸೇರಿತು. ಅಲ್ಲಿ ಅದನ್ನು ಗಾರ್ಡನ್ ಪಾರ್ಟಿಗೆ ಶಾಮಿಯಾನ ಮಾಡಿಕೊಂಡರು. ಊರು ಲೂಟಿ ಮಾಡಿ, ಸತ್ತವನ ಡೇರೆ ಕೆಳಗೆ ಕೂತರೆ ಗಂಟಲಲ್ಲಿ ಚಹಾ ಹೇಗ್ರೀ ಇಳಿಯುತ್ತೆ?

ನಮ್ಮೂರಿನ ಶಾಮಿಯಾನದವನು ಮದುವೆ ಮುಗಿದ ಮರುದಿನ ಬೆಳಿಗ್ಗೆಯೇ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಂದು ಕುರ್ಚಿ ಕಮ್ಮಿಯಾದರೂ ಬಿಡಲ್ಲ. ಅವನನ್ನೊಮ್ಮೆ ಪೋವಿಸ್‌ಗೆ ಕಳಿಸಬೇಕು.