ಎಂಟು ವಾರದೊಳಗೆ ಪರಿಗಣಿಸಿ

ಮೌನಂ ಸಮ್ಮತಿ ಲಕ್ಷಣಂ ಎಂದವರು ನಾವು. ಅದನ್ನು ಕಾನೂನು ಮಾಡಿಕೊಂಡವರು ಫ್ರೆಂಚರು. ಅಲ್ಲಿ 2014ರ ನವೆಂಬರಿನಿಂದ, ಕಚೇರಿ ಎರಡು ತಿಂಗಳು ಬಾಯಿ ಬಿಡದಿದ್ದರೆ ಅರ್ಜಿ ಮಂಜೂರಾದಂತೆ. (ವಿನಾಯಿತಿಗಳ ಪಟ್ಟಿ ಬಲು ಉದ್ದ, ಆ ಮಟ್ಟಿಗೆ ಅವರೂ ನಮ್ಮವರೇ.) ಜರ್ಮನಿಯಲ್ಲಿ ಮೂರು ತಿಂಗಳು ಕಾದು ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ಎಲ್ಲ ಸರಿಯಿದ್ದರೆ ‘ಪರವಾನಿಗೆ ಕೊಡಿ’ ಎಂದೇ ಆದೇಶವಾಗುತ್ತದೆ.

ಮಂಗಳೂರಿನಲ್ಲಿ ಮೌನ ಎಂದರೆ ಬರೀ ಮೌನ. ಮುರಿಸಬೇಕಾದರೆ ಹೈಕೋರ್ಟಿರುವ ಬೆಂಗಳೂರಿಗೆ ಸುಮಾರು 350 ಕಿ.ಮೀ. ಹೈಕೋರ್ಟ್ ಪೀಠ ಧಾರವಾಡಕ್ಕೆ ಸಿಕ್ಕಿತು, ಕಲಬುರಗಿಗೆ ಸಿಕ್ಕಿತು. ಕರಾವಳಿಯ ಪಾಲಿಗೆ ಶಿರಾಡಿ ಘಾಟಿ.

ಪ್ಲಾಟಿಂಗ್ ಅರ್ಜಿಯೊಂದನ್ನೇ ನೋಡಿ, ಅಂದರೆ ಮಂಜೂರಾದ ಜಮೀನನ್ನು ಅಳೆದು ನಕ್ಷೆ ಮಾಡಿಕೊಡಿ ಎಂಬ ಕೋರಿಕೆ. ಟಪ್ಪಾಲಿನಲ್ಲಿ ಮೊಹರು ಬಿದ್ದು ಎರಡು ಮಳೆಗಾಲ ಕಳೆಯಿತು. ಕೊನೆಗೆ ರಾತ್ರಿ ಬಸ್ಸು, ವಕಾಲತ್ತು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಸರಕಾರಿ ವಕೀಲರು ಎದ್ದು ‘ಪರಿಗಣಿಸುತ್ತೇವೆ ಸ್ವಾಮಿ’ ಎನ್ನುತ್ತಾರೆ. ಐದೇ ನಿಮಿಷದಲ್ಲಿ ಕೋರ್ಟಿನ ಆದೇಶ: ಎಂಟು ವಾರದೊಳಗೆ ಕಾನೂನು ಪ್ರಕಾರ ಪರಿಗಣಿಸಿ, ಗುಣಾವಗುಣದ ಬಗ್ಗೆ ನಾವೇನೂ ಹೇಳಿಲ್ಲ. ಗೆದ್ದೆವೆಂದು ಮನೆಯಲ್ಲಿ ಪಾಯಸ. ‘ಪರಿಗಣಿಸು’ ಎಂದರೆ ‘ಕೊಡು’ ಅಲ್ಲವೆಂದು ಗೊತ್ತಿರುವುದು ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರಿಗೆ ಮಾತ್ರ.

ಇಂಥ ಆದೇಶ ನಿರುಪದ್ರವಿಯಂತೆ ಕಂಡರೂ ಕಾಲ ಮೀರಿ ಸತ್ತ ಹಕ್ಕುಗಳಿಗೆ ಜೀವ ತುಂಬುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಎಚ್ಚರಿಸಿತ್ತು. ಜೀವವಿದ್ದ ಅರ್ಜಿಯ ಗತಿ ಕೇಳಿ. ಎಂಟು ವಾರದ ಲೆಕ್ಕ ಆದೇಶದ ಪ್ರತಿ ಕಚೇರಿಗೆ ಮುಟ್ಟಿದ ದಿನದಿಂದ, ಮುಟ್ಟಿಸುವವರೂ ಅರ್ಜಿದಾರರೇ. ಏಳೂವರೆ ವಾರ ಕಡತಕ್ಕೆ ವಿಶ್ರಾಂತಿ. ಆಮೇಲೆ ನ್ಯಾಯಾಂಗ ನಿಂದನೆಯ ಭಯಕ್ಕೆ ಕಚೇರಿಯಿಂದ ಎರಡು ಸಾಲಿನ ಲಿಖಿತ ಉತ್ತರ, ಅಂದರೆ ಹಿಂಬರಹ: ‘ಮೂಲ ಮಂಜೂರಾತಿ ಕಡತ ಲಭ್ಯವಿಲ್ಲದ ಕಾರಣ ಅವಕಾಶವಿರುವುದಿಲ್ಲ.’ ಆ ಕಡತ ಇರಬೇಕಾದದ್ದು ಅದೇ ಕಚೇರಿಯ ಅಭಿಲೇಖಾಲಯದಲ್ಲಿ.

ಕೂದಲು ಕೆಂಪೆಂದು ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವುದನ್ನು ಅವಿವೇಕದ ಪರಮಾವಧಿಯಾಗಿ ಇಂಗ್ಲೆಂಡಿನ 1947ರ ವೆಡ್ನೆಸ್‌ಬರಿ ತೀರ್ಪಿನಲ್ಲಿ ಉದಾಹರಿಸಿದವರು ನ್ಯಾಯಾಧೀಶ ಲಾರ್ಡ್ ಗ್ರೀನ್. ತಾನೇ ಕಳೆದ ಕಡತಕ್ಕೆ ಅರ್ಜಿದಾರನನ್ನು ಹೊಣೆ ಮಾಡುವ ಕಚೇರಿ ಅವರ ಕಲ್ಪನೆಗೂ ಎಟುಕಿರಲಿಲ್ಲ.

ಮತ್ತೆ ಬಸ್ಸು, ಎರಡನೇ ರಿಟ್. ಈಗ ಸರಕಾರದ ಪ್ರಮಾಣಪತ್ರದಲ್ಲಿ ಹೊಸ ರಾಗ: ಜಾಗ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದೇ ಭಾವಿಸಬೇಕಾದ ಭೂಮಿ! ಆದೇಶದಲ್ಲಿ ಇಲ್ಲದ ಕಾರಣವನ್ನು ಪ್ರಮಾಣಪತ್ರದಲ್ಲಿ ತುರುಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ತೀರ್ಮಾನವಾಗಿ ದಶಕಗಳೇ ಕಳೆದಿವೆ. ಹಾಗಾಗಿ ಹಿಂಬರಹ ರದ್ದು, ಹೊಸದಾಗಿ ಪರಿಗಣಿಸಿ, ಎಂಟು ವಾರ. ಈ ಸಲ ಕಚೇರಿ ತಡ ಮಾಡುವುದಿಲ್ಲ. ಕಾರಣ ಪ್ರಮಾಣಪತ್ರದಲ್ಲೇ ಟೈಪಾಗಿದೆ, ಹಿಂಬರಹಕ್ಕೆ ಇಳಿಸಿದರಾಯಿತು.