ಫೈರ್‌ಬಾಲ್‌ನ ಬಲ ಇಳಿಸಬೇಡಿ ಮಾರಾಯ್ರೆ

ಕುಂಬಳೆ, ಉಪ್ಪಳ ಕಡೆಯ ನಾವು ಕೆಲವರು ರಜೆ ಸಿಕ್ಕಾಗ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಒಂದೇ ಮೇಜಿನಲ್ಲಿ ಕನ್ನಡ, ತುಳು, ಮಲಯಾಳಂ ಮೂರೂ ನಡೆಯುತ್ತದೆ. ಜಗಳ ಮಾತ್ರ ಯಾವಾಗಲೂ ಒಂದೇ: ಮಂತ್ರ ಹಾಕುವವನದ್ದು ಜಾಸ್ತಿಯಾಯಿತು, ಕತ್ತಿ ಹಿಡಿದವನಿಗೆ ಕೆಲಸವೇ ಇಲ್ಲ.

ದೂರು ಸುಳ್ಳಲ್ಲ. 2014ರ ಐದನೇ ಆವೃತ್ತಿಯಲ್ಲಿ ಮಂತ್ರಗಾರ ವಿಝಾರ್ಡ್‌ಗೆ ಐದನೇ ಲೆವೆಲ್‌ನಲ್ಲೇ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಸಿಗುತ್ತದೆ. ಆರು ಮುಖದ 8 ದಾಳ, ಸರಾಸರಿ 28ರ ಪೆಟ್ಟು. ಅದೂ ಬಿದ್ದ ಜಾಗದಿಂದ 20 ಅಡಿಯೊಳಗೆ ಇದ್ದವರಿಗೆಲ್ಲ. ಪಾಪದ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನಿಗೆ ಇರುವುದೇ 7 ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಲೆಕ್ಕ. ಕತ್ತಿ ಹಿಡಿದ ಫೈಟರ್ ಎರಡು ಏಟು ಹೊಡೆಯುವಷ್ಟರಲ್ಲಿ ಗುಂಪೇ ಬೂದಿ.

ಹಾಗಾದರೆ 8 ದಾಳವನ್ನು 4 ಮಾಡೋಣ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಗೊತ್ತಿರಬೇಕು. ಇಂದ್ರ ಕರ್ಣನಿಗೆ ಕೊಟ್ಟ ಶಕ್ತ್ಯಾಯುಧ ಗುರಿ ತಪ್ಪುವಂಥದ್ದಲ್ಲ, ಆದರೆ ಒಂದೇ ಸಲ. ಅರ್ಜುನನಿಗೆಂದು ಕಾದಿಟ್ಟದ್ದನ್ನು ಘಟೋತ್ಕಚನ ಮೇಲೆ ಬಿಡಬೇಕಾಯಿತು. ಅಸ್ತ್ರದ ಬಲ ಕಮ್ಮಿ ಮಾಡಿದ್ದರೆ ಆ ಪ್ರಸಂಗದಲ್ಲಿ ಏನು ಉಳಿಯುತ್ತಿತ್ತು ಹೇಳಿ?

ಗೈಗ್ಯಾಕ್ಸ್ ಮತ್ತು ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದ ಹಳೆಯ ಆವೃತ್ತಿಗಳಲ್ಲಿ ಮಂತ್ರಗಾರನ ಆಯುಸ್ಸು ಬಹಳ ಕಮ್ಮಿ. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಮಂತ್ರ ಹೇಳುವಾಗ ಪೆಟ್ಟು ಬಿದ್ದರೆ ಅದೂ ಹೋಯಿತು. ಹಾಗಾಗಿ ಮುಂದೆ ನಿಂತು ತಡೆಯುವ ಫೈಟರ್‌ಗೆ ಬೆಲೆ ಇತ್ತು. ಈಗ ಏಕಾಗ್ರತೆ ಬೇಕಾದ ಮಂತ್ರಗಳು ಮಾತ್ರ ಪೆಟ್ಟಿಗೆ ಮುರಿಯಬಹುದು. ಫೈರ್‌ಬಾಲ್‌ಗೆ ಆ ಭಯವೂ ಇಲ್ಲ.

ಸಾವಿನ ಕಥೆಯೂ ಅಷ್ಟೇ. ಈಗ ಹಿಟ್ ಪಾಯಿಂಟ್ ಸೊನ್ನೆಗೆ ಇಳಿದರೂ ಮೂರು ಸಲ ದಾಳ ಸೋಲಬೇಕು, ಆಮೇಲೆ ಸಾವು. ಅಷ್ಟರೊಳಗೆ ಕ್ಲೆರಿಕ್ ಎಂಬ ಪುರೋಹಿತ ಪಾತ್ರ 60 ಅಡಿ ದೂರದಿಂದ ಹೀಲಿಂಗ್ ವರ್ಡ್ ಎಂಬ ಗುಣಪಡಿಸುವ ಮಂತ್ರ ಹೇಳಿದರೆ ಎದ್ದು ಕೂತ. ನಮ್ಮ ಫೈಟರ್ ಒಂದೇ ಕಾಳಗದಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ. ಎದುರಿನ ಓಗರ್ ರಾಕ್ಷಸನಿಗೇ ಬೇಜಾರಾಗಿರಬೇಕು!

ಹಾಗಾಗಿ ಬಲ ಇಳಿಸದೆ ಈಗ ನಮ್ಮಲ್ಲಿ ಎರಡು ನಿಯಮ. ದೊಡ್ಡ ಮಂತ್ರವನ್ನು ಸುತ್ತಿನ ಶುರುವಿಗೇ ಹೇಳಬೇಕು, ಅದು ಫಲಿಸುವುದು ಸುತ್ತಿನ ಕೊನೆಗೆ, ನಡುವೆ ಪೆಟ್ಟು ಬಿದ್ದರೆ ಹೋಯಿತು. ಎರಡನೆಯದು, ಸೊನ್ನೆಗೆ ಇಳಿದಾಗಲೆಲ್ಲ ಒಂದು ಹಂತ ಬಳಲಿಕೆ. ಆರನೇ ಹಂತ ಅಂದರೆ ಸಾವೇ. ಮೊನ್ನೆ ವಿಝಾರ್ಡ್ ಆಡುವ ಹುಡುಗ ಮೊದಲ ಸಲ ಫೈಟರ್ ಹತ್ತಿರ ಕೇಳಿದ: "ಅಣ್ಣಾ, ಒಂದು ಸುತ್ತು ಬಾಗಿಲಲ್ಲಿ ನಿಲ್ತೀರಾ?"

ಕ್ಲೆರಿಕ್ ಆಡುವ ಗೆಳತಿಗೆ ಮಾತ್ರ ಸಿಟ್ಟು. ಒಂದು ರಾತ್ರಿಯ ವಿಶ್ರಾಂತಿಗೆ ಬಳಲಿಕೆ ಇಳಿಯುವುದು ಒಂದೇ ಹಂತ, ಹೀಗಾದರೆ ಆಟವಿಡೀ ಮಲಗುವುದೇ ಆಯ್ತಲ್ವಾ ಅನ್ನುತ್ತಾಳೆ. ಅದೂ ಸರಿಯೇ. ಮೊದಲ ಸಲ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಆಟ ಆಡಿ ನೋಡುತ್ತೇವೆ. ನಿಮ್ಮಲ್ಲಿ ಬೇರೆ ಉಪಾಯ ಇದ್ದರೆ ಹೇಳಿ.